ನೀರಡಿಯ ಹೆಂಡತಿ

ನನ್ನ ನೆಗೆಣ್ಣಿ ಪೋಚಮ್ಮ ಯಾರನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಹಾಲಿನವಳು ಕಣ್ಣೆದುರೇ ಹಿಂಡಿಕೊಟ್ಟರೂ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡುವಳು. ಬಸ್ಸಿನ ಬೋರ್ಡು ಓದಲು ಬಾರದ್ದರಿಂದ ಮೂವರನ್ನು ಕೇಳುವಳು. ಮೂವರೂ ತಾಂಡೂರಿಗೇ ಹೋಗುತ್ತದೆ ಅಂದರೆ, ಇವರೆಲ್ಲ ಮಾತಾಡಿಕೊಂಡೇ ಹೇಳುತ್ತಿದ್ದಾರೆ ಎಂದು ನಾಲ್ಕನೆಯವನನ್ನು ಹುಡುಕುವಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಾನು ಶಾಲೆಯಲ್ಲಿ ಟೀಚರ್ ಎನ್ನುವುದನ್ನೂ ಆಕೆ ನಂಬಿರಲಿಲ್ಲ. ನಮ್ಮವರ ಮನೆಯ ಸೊಸೆ ಕುರ್ಚಿಯ ಮೇಲೆ ಕೂತು ಪಾಠ ಹೇಳುವುದೆಂದರೇನು? ಒಂದು ದಿನ ನಾರಾಯಣಖೇಡಕ್ಕೆ ಬಂದು, ಶಾಲೆಯ ಕಿಟಕಿಯ ಹೊರಗೆ ಒಂದು ಗಂಟೆ ನಿಂತು ನೋಡಿ, ಮಾತಾಡದೆ ಹೋಗಿದ್ದಳು. ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಕೆಯ ಗಂಡ ಸಾಯಪ್ಪ ನನ್ನ ಗಂಡ ಮಾಣಿಕನ ಅಣ್ಣ. ಸಿರ್ಗಾಪುರದ ಆಚೆ ಇರುವ ನಮ್ಮೂರಿನ ಕೆರೆಗೆ ಆತ ನೀರಡಿಯಾಗಿದ್ದ. ಕೆರೆಯ ತೂಬು ತೆಗೆಯುವವನು, ಮುಚ್ಚುವವನು, ಯಾರ ಗದ್ದೆಗೆ ಯಾವ ದಿನ ನೀರು ಎಂದು ನೋಡಿಕೊಳ್ಳುವವನು ನೀರಡಿ. ಮುತ್ತಾತನ ಕಾಲದಿಂದ ಆ ಕೆಲಸ ನಮ್ಮ ಮನೆಯದು. ಅದಕ್ಕೆಂದು ಕೆರೆಯ ಕೆಳಗೆ ಒಂದು ತುಂಡು ಮಾನ್ಯದ ಹೊಲವಿತ್ತು, ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಪಾಲು ಕಾಳು ಬರುತ್ತಿತ್ತು. ಊರಿನ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ, ಊರಿಗೆಲ್ಲ ಅನ್ನ ಕೊಡುವ ತೂಬನ್ನು ಮಾತ್ರ ನಾವೇ ಮುಟ್ಟಬೇಕಿತ್ತು. ಈ ನ್ಯಾಯ ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮ ಕೆರೆಯ ತೂಬು ಹಳೆಯ ಕಾಲದ್ದು. ನೀರಿನೊಳಗೆ ಎರಡು ಕಲ್ಲುಕಂಬ, ಬುಡದ ಹಾಸುಗಲ್ಲಿನಲ್ಲಿ ಒಂದು ತೂತು, ಆ ತೂತನ್ನು ಮುಚ್ಚಲು ಉದ್ದನೆಯ ಕೋಲಿನ ತುದಿಗೆ ಮರದ ಬಿರಡೆ. ಸಾಯಪ್ಪ ಭಾವ ನೀರಿಗಿಳಿದು ಬಿರಡೆ ಒತ್ತಿ, ಕಾಲಿನಿಂದ ಸುತ್ತಲೂ ತಡವಿ, ಅದು ಸರಿಯಾಗಿ ಕೂತಿದೆ ಎಂದು ಖಾತ್ರಿಯಾದ ಮೇಲೆ ಒಡ್ಡಿನ ಮೇಲೆ ನಿಂತು ‘ತೂಬು ಬಂದ್ ಆತು’ ಎಂದು ಮೂರು ಸಲ ಕೂಗಬೇಕು. ಆ ಕೂಗಿನ ಮೇಲೇ ಊರಿನ ಪಾಳಿ ನಡೆಯುತ್ತಿತ್ತು. ಬಿರಡೆ ಕೂರದೆ ಕೂಗಿದ ನೀರಡಿ ನಮ್ಮ ಮನೆತನದಲ್ಲಿ ಒಬ್ಬನೂ ಇರಲಿಲ್ಲ.

೧೯೬೮ರ ಭತ್ತದ ಬೆಳೆಯ ಕಾಲ. ಶಿವಶಂಕರಪ್ಪ ಎಂಬ ದೊಡ್ಡ ರೈತನ ಪಾಳಿ ಮುಗಿದಿತ್ತು. ಅವನ ಗದ್ದೆಗಳು ತೂಬಿನ ಕೆಳಗೇ ಇದ್ದವು. ಆ ಸಂಜೆ ತೂಬು ಮುಚ್ಚಬೇಕು, ಕೆರೆಯಲ್ಲಿ ಉಳಿದ ನೀರು ಮುಂದಿನ ಪಾಳಿಯಲ್ಲಿ ಕಾಲುವೆಯ ಕೊನೆಯಲ್ಲಿದ್ದ ಸಣ್ಣ ರೈತರಿಗೆ ಸಿಗಬೇಕು. ಭಾವ ಹೋದ. ಆದರೆ ಕೂಗು ಕೇಳಲಿಲ್ಲ. ಕತ್ತಲಾದ ಮೇಲೆ ತೊಯ್ದು ತೊಪ್ಪೆಯಾಗಿ ಬಂದವನು ಊಟ ಮಾಡದೆ ಮಲಗಿದ. ಎಲ್ಲಿದ್ದಿರಿ ಎಂದು ಪೋಚಮ್ಮಕ್ಕ ಕೇಳಿದಳು. ಕೆರೆಯಲ್ಲಿ ಅಂದ. ಯಾಕೆ ಕೂಗಲಿಲ್ಲ ಅಂದಳು. ಕೂತಿಲ್ಲ ಅಂದ. ಆತನ ಮಾತೇ ಅಷ್ಟು. ಮರುದಿನ ಇಡೀ ದಿನ ಮತ್ತೆ ನೀರಿನಲ್ಲಿದ್ದ. ಮೂರನೆಯ ದಿನ ಬೆಳಿಗ್ಗೆ ಓಡಿ ಬಂದು, ತೂಬಿನ ಬಾಯಲ್ಲಿ ಆಮೆ ಸಿಕ್ಕಿಕೊಂಡಿದೆ, ಕೈಗೆ ಹತ್ತಿತು, ನಾಲ್ಕು ಜನ ಬನ್ನಿ ಎಂದು ಕರೆದ. ಜನ ಹೋಗಿ ಮುಳುಗಿ ನೋಡಿದರೆ ಆಮೆಯೂ ಇಲ್ಲ, ಏನೂ ಇಲ್ಲ. ಒತ್ತಿದ ಕೂಡಲೇ ಬಿರಡೆ ಗಪ್ಪನೆ ಕೂತಿತು. ಅಷ್ಟರಲ್ಲಿ ಎರಡು ರಾತ್ರಿ ಒಂದು ಹಗಲಿನ ನೀರು ಶಿವಶಂಕರಪ್ಪನ ಗದ್ದೆ ತುಂಬಿ ಹಳ್ಳಕ್ಕೆ ಹೋಗಿತ್ತು. ಕೊನೆಯವರ ಭತ್ತ ಆ ವರ್ಷ ಕಾಳು ಕಟ್ಟಲಿಲ್ಲ.

ನೀರಡಿ ನೀರು ಮಾರಿಕೊಂಡ ಎಂದು ಊರು ಮಾತಾಡಿತು. ಕೂಗದೆ ಇದ್ದದ್ದೇ ಸಾಕ್ಷಿಯಾಯಿತು. ಮುಚ್ಚಲಾಗದ್ದಕ್ಕೆ ಕೂಗಲಿಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಕೂಗಿದರೆ ಸಿಕ್ಕಿಬೀಳುತ್ತೇನೆಂದು ಕೂಗಲಿಲ್ಲ ಎಂದೇ ಎಲ್ಲರೂ ತಿಳಿದರು. ಐವರು ಹಿರಿಯರು ಚಾವಡಿಯಲ್ಲಿ ಕೂತರು. ಭಾವ ಕೆಳಗೆ ಕೈಕಟ್ಟಿ ನಿಂತಿದ್ದ. ನಾವು ಹೆಂಗಸರು ಬೇವಿನ ಮರದ ಹತ್ತಿರ ಇದ್ದೆವು. ಒಡ್ಡಿಗೆ ಎಲ್ಲರಿಗಿಂತ ಹತ್ತಿರದ ಮನೆ ನಮ್ಮದೇ ಆದ್ದರಿಂದ ಹಿರಿಯರಲ್ಲೊಬ್ಬನಾದ ಮೊಗಲಪ್ಪ ಪೋಚಮ್ಮಕ್ಕನನ್ನು ಮುಂದೆ ಕರೆದು, ನೀನು ಏನು ಹೇಳುತ್ತೀ ಎಂದು ಕೇಳಿದ.

ಆಕೆ ಸೆರಗು ಹೊದ್ದು ನಿಂತು ಹೇಳಿದಳು: “ಕೂಗಿದ್ದು ಕೇಳಿಲ್ರಿ. ಅದೇ ವಾರ ಶಿವಶಂಕರಪ್ಪನ ಮನಿಂದ ಒಂದು ಸೋರೆಕಾಯಿ ಬಂದಿತ್ತು. ಯಾಕ ಬಂತೋ ಗೊತ್ತಿಲ್ಲ. ನಂಗೂ ಗುಮಾನಿ ಅದರಿ.”

ಒಂದು ಸೋರೆಕಾಯಿ! ಅವರ ಬಳ್ಳಿಯಲ್ಲಿ ಬಿಟ್ಟದ್ದು ಬಿದ್ದು ಕೊಳೆಯುತ್ತಿತ್ತು, ಬೀದಿಗೆಲ್ಲ ಹಂಚಿದ್ದರು. ಅದನ್ನು ನಾನು ಅಲ್ಲೇ ಹೇಳಬಹುದಿತ್ತು. ಹೊಸ ಸೊಸೆ ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ. ಹಿರಿಯರು ತೆಲುಗಿನಲ್ಲಿ ಒಂದು ಕಾಗದ ಬರೆಸಿದರು. ನೀರಡಿತನ ಹೋಯಿತು, ಮಾನ್ಯದ ಹೊಲವೂ ಹೋಯಿತು. ಭಾವ ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ. ಎಂಟು ದಿನದಲ್ಲಿ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ತಾಂಡೂರಿಗೆ ಹೋದರು. ಅಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ ಆತನಿಗೆ ಕೆಲಸ ಸಿಕ್ಕಿತು. ಆಮೇಲೆ ಆತ ನಮ್ಮೂರಿಗೆ ಕಾಲಿಡಲಿಲ್ಲ. ಚಿಕ್ಕಪ್ಪನ ಮಗಳ ಮದುವೆಗೆ ಕರೆದರೆ ನಾರಾಯಣಖೇಡದವರೆಗೆ ಬಂದು, ಅಲ್ಲಿಂದಲೇ ಅಕ್ಕಿ ಕಾಳು ಹಾಕಿ ಹೋದ. ಆ ಮೂರು ದಿನದ ಬಗ್ಗೆ ಗಂಡ ಹೆಂಡತಿ ಒಂದು ಮಾತೂ ಆಡಿಕೊಂಡಿಲ್ಲ ಎಂದು ನನಗೆ ಗೊತ್ತಿತ್ತು. ಆಕೆಯ ಗುಮಾನಿ ಮಾತ್ರ ಹೋಗಿರಲಿಲ್ಲ. ಭಾವ ಹೊಸ ಅಂಗಿ ತಂದರೂ ಇದು ಎಲ್ಲಿಂದ ಬಂತು ಎಂದು ಅರಿವೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

ಹೀಗೆ ಹದಿನೈದು ವರ್ಷ ಹೋದವು. ೧೯೮೩ರ ಕಾರ್ತಿಕದಲ್ಲಿ ಜಹೀರಾಬಾದಿನಿಂದ ಒಂದು ಯಾತ್ರೆಯ ಬಸ್ಸು ಹೊರಟಿತು. ಕಾಶಿ, ಪ್ರಯಾಗ, ಆಗ್ರಾ, ಮಥುರಾ, ಇಪ್ಪತ್ತೆರಡು ದಿನ, ಜೊತೆಗೆ ಅಡುಗೆಯವರು. ನಾನು ರಜೆ ಹಾಕಿ, ಭಾವ ಮತ್ತು ಅಕ್ಕನನ್ನು ಕರೆದುಕೊಂಡು ಹೊರಟೆ. ಎಲ್ಲರಷ್ಟೇ ಟಿಕೆಟ್ ಹಣ ಕೊಟ್ಟಿದ್ದರೂ ನಮಗೆ ಹಿಂದಿನ ಸೀಟು ಎಂದಾಗ ನಾನು ಜಗಳ ತೆಗೆದು ನಡುವಿನ ಸೀಟು ಹಿಡಿದೆ. ಪೋಚಮ್ಮಕ್ಕ ಅದನ್ನೂ ನಂಬಲಿಲ್ಲ. ಇಷ್ಟು ಬೇಗ ಒಪ್ಪಿದರೆಂದರೆ ಈ ಸೀಟಿನ ಕೆಳಗೆ ಏನೋ ಮುರಿದಿರಬೇಕು ಎಂದು ಬಗ್ಗಿ ನೋಡಿದಳು.

ಆಗ್ರಾ ದಾಟಿ ಭರತಪುರದ ಹತ್ತಿರ ಬಸ್ಸಿನ ಆಕ್ಸಲ್ ಮುರಿಯಿತು. ಎರಡು ದಿನ ಆಗುತ್ತದೆ ಎಂದರು. ಆ ಊರಿನ ಪಕ್ಕದಲ್ಲಿ ಹಕ್ಕಿಗಳಿಗೆಂದೇ ನೀರು ನಿಲ್ಲಿಸಿದ ದೊಡ್ಡ ಕಾಡಿದೆ, ಸರಕಾರ ಈಚೆಗೆ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದೆ, ಅದರ ನಡುವೆ ಕೇವಲಾದೇವ ಎಂಬ ಶಿವನ ಗುಡಿಯೂ ಇದೆ ಎಂದು ಯಾರೋ ಹೇಳಿದರು. ಹಕ್ಕಿ ನೋಡಲು ನಮ್ಮ ಬಸ್ಸಿನವರು ಯಾರೂ ಏಳುತ್ತಿರಲಿಲ್ಲ, ಗುಡಿ ಎಂದ ಕೂಡಲೇ ಎಲ್ಲರೂ ಎದ್ದರು.

ಗೇಟಿನಲ್ಲಿ ಸೈಕಲ್ ರಿಕ್ಷಾ ಹಿಡಿದೆವು. ನಮ್ಮ ರಿಕ್ಷಾದವನು ಐವತ್ತರ ಆಸುಪಾಸಿನವನು, ಕೊರಳಲ್ಲಿ ದುರ್ಬೀನು ಹಾಕಿಕೊಂಡಿದ್ದ. ಗುಡಿಯ ದಾರಿಯಲ್ಲೇ ಎಲ್ಲ ಹಕ್ಕಿ ತೋರಿಸುತ್ತೇನೆ ಎಂದ. ಹಾಗಾದರೆ ಇದು ಸುತ್ತು ದಾರಿ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ದಾರಿ ನೇರ ಒಂದೇ ಇತ್ತು. ಎರಡೂ ಕಡೆ ಕಣ್ಣು ಹರಿಯುವವರೆಗೆ ನೀರು, ಮೊಣಕಾಲಿನಿಂದ ಎದೆಯ ಮಟ್ಟ. ಅದರಲ್ಲಿ ಜಾಲಿ ಮರಗಳು ನಿಂತಿದ್ದವು. ಮರದ ತುಂಬ ಗೂಡು, ಗೂಡಿನ ತುಂಬ ಕೊಕ್ಕರೆ. ಹಳದಿ ಕೊಕ್ಕು, ರೆಕ್ಕೆಯ ತುದಿಯಲ್ಲಿ ಗುಲಾಬಿ ಬಣ್ಣ. ಮರಿಗಳ ಗದ್ದಲಕ್ಕೆ ಮಾತು ಕೇಳಿಸುತ್ತಿರಲಿಲ್ಲ. ನಾನು ಮಕ್ಕಳಿಗೆ ಹತ್ತು ವರ್ಷ ಪಕ್ಷಿಗಳ ಪಾಠ ಮಾಡಿದ್ದೆ, ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಖುಷಿಯಿಂದ ಕಣ್ಣಲ್ಲಿ ನೀರು ಬಂತು.

ಅಕ್ಕನಿಗೆ ಬಂದದ್ದು ಅನುಮಾನ. ಇಷ್ಟು ಹಕ್ಕಿ ಒಂದೇ ಕಡೆ ತಾವಾಗಿಯೇ ಯಾಕೆ ಕೂತಾವು, ಕಾಲು ಕಟ್ಟಿರಬೇಕು ಎಂದಳು. ರಿಕ್ಷಾದವನು ದುರ್ಬೀನು ಕೊಟ್ಟ. ಒಂದು ಗಳಿಗೆ ನೋಡಿದಳು, ಆಮೇಲೆ ಅದನ್ನು ತಿರುಗಿಸಿ ಮುಂದಿನ ಗಾಜಿನ ಮೇಲೆ ಚಿತ್ರ ಅಂಟಿಸಿದ್ದಾರೋ ಎಂದು ಉಗುರಿನಿಂದ ಕೆರೆದಳು. ದೂರದಲ್ಲಿ ಬೆಳ್ಳಗೆ ನಿಂತಿದ್ದ ಎತ್ತರದ ಕೊಕ್ಕರೆಗಳನ್ನು ತೋರಿಸಿ, ಇವು ಮೊನ್ನೆ ತಾನೆ ರಷ್ಯಾದಿಂದ ಬಂದಿವೆ ಎಂದು ರಿಕ್ಷಾದವನು ಹೇಳಿದ. ರಷ್ಯಾದಿಂದ ಬಂದದ್ದನ್ನು ನೀನು ನೋಡಿದ್ದೀಯಾ ಎಂದು ಅಕ್ಕ ತನ್ನ ದಖನಿ ಉರ್ದುವಿನಲ್ಲಿ ಕೇಳಿದಳು. ಕೆಂಪು ತಲೆಯ ಸಾರಸ್ ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದು ಉಪವಾಸ ಬಿದ್ದು ಸಾಯುತ್ತದೆ ಎಂದ. ಕೂತು ನೋಡಿದವರು ಯಾರು ಎಂದಳು. ನೀಲಗಾಯಿ ದಾರಿ ದಾಟಿದಾಗ ಅದು ಆಕಳೂ ಅಲ್ಲ, ಕುದುರೆಯೂ ಅಲ್ಲ, ಎರಡನ್ನೂ ಸೇರಿಸಿ ಮಾಡಿದ್ದು ಎಂದಳು. ಬಿಲದ ಬಾಯಲ್ಲಿ ಬಿಸಿಲು ಕಾಯುತ್ತ ಬಿದ್ದಿದ್ದ ಹೆಬ್ಬಾವನ್ನು ಮಾತ್ರ ಕೂಡಲೇ ನಂಬಿದಳು, ನಂಬಿ ರಿಕ್ಷಾದ ಮೇಲೆ ಕಾಲೆತ್ತಿಕೊಂಡಳು.

ಸಾಯಪ್ಪ ಭಾವ ಹಕ್ಕಿಯ ಕಡೆ ಹೆಚ್ಚು ನೋಡಲಿಲ್ಲ, ಆತ ನೀರು ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ರಿಕ್ಷಾ ನಿಲ್ಲಿಸಲು ಹೇಳಿ ಇಳಿದ. ನಾವು ಬಂದ ದಾರಿಯೇ ಒಂದು ಒಡ್ಡು, ಅತ್ತ ಒಂದು ಮಟ್ಟದ ನೀರು, ಇತ್ತ ಗೇಣು ಕೆಳಗಿನ ಮಟ್ಟದ ನೀರು, ಇದೆಲ್ಲ ಯಾರೋ ತಿಳಿದವರು ಕಟ್ಟಿದ್ದು ಎಂದು ತೋರಿಸಿದ. ಹೊರಗಿನ ದೊಡ್ಡ ಕೆರೆಯಿಂದ ಇಲ್ಲಿಗೆ ನೀರು ಬಿಡುತ್ತಾರೆ, ಒಳಗೆ ಪಾತಿ ಪಾತಿಯಾಗಿ ಹಂಚುತ್ತಾರೆ, ರಾಜರ ಕಾಲದ್ದು ಎಂದು ರಿಕ್ಷಾದವನೂ ಒಪ್ಪಿದ. ಭಾವನ ಮುಖ ಬೆಳಗಿತು. ಎಷ್ಟು ತೂಬು, ಯಾವಾಗ ತೆಗೆಯುತ್ತಾರೆ, ಯಾರು ತೆಗೆಯುತ್ತಾರೆ ಎಂದು ಕೇಳತೊಡಗಿದ. ಆತ ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಅಕ್ಕ ಮುಖ ಸಿಂಡರಿಸಿ ಬೇರೆ ಕಡೆ ನೋಡುತ್ತಿದ್ದಳು.

“ಇಷ್ಟು ನೀರದ, ಕೆಳಗೊಂದು ಗದ್ದಿ ಇಲ್ಲ,” ಎಂದಳು ನನಗೆ. “ಹಕ್ಕಿ ಹೆಸರು ಹೇಳಿ ಯಾರೋ ಕುಡ್ಯಾಕತ್ಯಾರ, ನೋಡು.”

ಭಾವ ಅದನ್ನು ಕೇಳಿಸಿಕೊಂಡ. ಮಾತು ನಿಲ್ಲಿಸಿದ. ಗುಡಿಗೆ ಹೋಗುತ್ತೇನೆ ಎಂದು ನಮ್ಮ ಬಸ್ಸಿನ ಉಳಿದವರ ಜೊತೆ ನಡೆದುಕೊಂಡೇ ಮುಂದೆ ಹೊರಟುಹೋದ.

ನಾವಿಬ್ಬರೂ ರಿಕ್ಷಾದಲ್ಲಿ ಇನ್ನೊಂದು ಫರ್ಲಾಂಗು ಹೋಗಿರಬಹುದು. ಒಡ್ಡಿನ ಪಕ್ಕಕ್ಕೆ ಒಂದು ಸಣ್ಣ ಕಟ್ಟಡ, ಅದಕ್ಕೆ ಕಬ್ಬಿಣದ ಬಾಗಿಲಿನ ತೂಬು, ಮೇಲೆ ತಿರುಗಿಸುವ ಚಕ್ರ. ಅದರ ಮುಂದೆ ಖಾಕಿ ಚಡ್ಡಿಯ ಒಬ್ಬ ಆಳು ಎದೆಮಟ್ಟ ನೀರಲ್ಲಿ ನಿಂತು ಎರಡೂ ಕೈ ಕೆಳಗೆ ಹಾಕಿ ತಡಕಾಡುತ್ತಿದ್ದ. ಬಾಗಿಲು ಪೂರ್ತಿ ಇಳಿದಿರಲಿಲ್ಲ, ಆ ಕಡೆಗೆ ನೀರು ಸದ್ದು ಮಾಡುತ್ತ ಹರಿಯುತ್ತಿತ್ತು. ಅಕ್ಕ ರಿಕ್ಷಾದಿಂದ ಇಳಿದೇಬಿಟ್ಟಳು. ನಾನು ಹೇಳಲಿಲ್ಲವೇ ಎನ್ನುವಂತೆ ನನ್ನ ಕಡೆ ನೋಡಿ, ಒಡ್ಡಿನ ತುದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಅವನನ್ನು ವಿಚಾರಿಸಿಕೊಂಡಳು. ಯಾರ ಹೊಲಕ್ಕೆ ಬಿಡುತ್ತಿದ್ದೀ? ಮುಚ್ಚುವ ಹಾಗೆ ನಾಟಕ ಯಾಕೆ? ಎಷ್ಟು ಹೊತ್ತಿನಿಂದ ಮುಚ್ಚುತ್ತಿದ್ದೀ? ನಾನು ನಾಚಿಕೆಯಿಂದ ಆಕೆಯ ಸೆರಗು ಹಿಡಿದು ಎಳೆದೆ. ಆ ಆಳು ಸಿಟ್ಟಿಗೇಳಲಿಲ್ಲ. ತಡೆಯಮ್ಮ ಎಂದು ಹೇಳಿ, ಮೂಗು ಹಿಡಿದು ಮುಳುಗಿದ.

ಎದ್ದಾಗ ಅವನ ಕೈಯಲ್ಲಿ ಆಮೆ ಇತ್ತು. ರೊಟ್ಟಿಯ ಹೆಂಚಿನಷ್ಟು ಅಗಲ, ಮೆತ್ತಗಿನ ಬೆನ್ನು, ಉದ್ದನೆಯ ಕತ್ತು. ಅದು ಕತ್ತು ಹಿಂದಕ್ಕೆ ತಿರುಗಿಸಿ ಅವನ ಕೈ ಕಚ್ಚಲು ನೋಡುತ್ತಿತ್ತು. ಅವನು ಅದನ್ನು ಒಡ್ಡಿನ ಈ ಕಡೆಯ ನೀರಿಗೆ ಬಿಟ್ಟ, ಅದು ಮುಳುಗಿ ಹೋಯಿತು. ಮೇಲೆ ಬಂದು ಚಕ್ರ ತಿರುಗಿಸಿದ. ಬಾಗಿಲು ಇಳಿದು ಕೂತಿತು, ನೀರಿನ ಸದ್ದು ನಿಂತಿತು.

ತೂಬಿನ ಸಂದಿಯಲ್ಲಿ ಮೀನು ನುಗ್ಗುತ್ತವೆ, ಮೀನಿನ ಆಸೆಗೆ ಆಮೆ ಬಂದು ಸಿಕ್ಕಿಕೊಳ್ಳುತ್ತದೆ, ವರ್ಷಕ್ಕೆ ನಾಲ್ಕೈದು ಸಲ ಇದೇ ಕತೆ ಎಂದು ಮೈ ಒರೆಸಿಕೊಳ್ಳುತ್ತ ಹೇಳಿದ. ತೆಗೆಯದಿದ್ದರೆ ಏನಾಗುತ್ತದೆ ಎಂದು ಅಕ್ಕ ಕೇಳಿದಳು. ಏನೂ ಆಗುವುದಿಲ್ಲ, ಒಂದು ದಿನವೋ ಎರಡು ದಿನವೋ ಒದ್ದಾಡಿ ತಾನೇ ಬಿಡಿಸಿಕೊಂಡು ಹೋಗುತ್ತದೆ, ಆಮೇಲೆ ಬಾಗಿಲು ಏನೂ ಆಗಿಲ್ಲವೆನ್ನುವ ಹಾಗೆ ಕೂತುಬಿಡುತ್ತದೆ ಎಂದ. ಅಕ್ಕ ಅದೇ ಪ್ರಶ್ನೆಯನ್ನು ಇನ್ನೆರಡು ಸಲ ಕೇಳಿದಳು. ಅವನು ಎರಡು ಸಲವೂ ಅದನ್ನೇ ಹೇಳಿದ.

ಆಕೆ ಒಡ್ಡಿನ ಮೇಲೆಯೇ ಕೂತುಬಿಟ್ಟಳು. ನನಗೆ ಮರುಕ ಬರಬೇಕಿತ್ತು, ಬಂದದ್ದು ಹದಿನೈದು ವರ್ಷದ ಸಿಟ್ಟು. ನಡುದಾರಿಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಮನೆ ಹೋದದ್ದು, ಹೊಲ ಹೋದದ್ದು, ನೀರಿನಲ್ಲಿ ಬೆಳೆದ ಮನುಷ್ಯ ಕಲ್ಲಿನ ಪುಡಿ ತಿನ್ನುತ್ತಿರುವುದು, ಸೋರೆಕಾಯಿ ಬೀದಿಗೆಲ್ಲ ಬಂದಿದ್ದದ್ದು.

“ಉಮಾ,” ಎಂದಳು ಅಕ್ಕ ಕೊನೆಗೆ. “ನಿಮ್ಮ ಭಾವಗ ಈಗೇ ಹೇಳಬ್ಯಾಡ. ನಾನೇ ಹೇಳ್ತೀನಿ.”

ಗುಡಿಯ ಹತ್ತಿರ ಭಾವ ಮರದ ಕೆಳಗೆ ಕೂತಿದ್ದ. ನಾವು ಹೋದಾಗ ತಡವಾಯಿತಲ್ಲ ಎಂದಷ್ಟೇ ಕೇಳಿದ. ಅಕ್ಕ ಆಮೆಯ ವಿಷಯವನ್ನು ಆ ದಿನವೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಆಕೆಯ ಬುದ್ಧಿ ನನಗೆ ಗೊತ್ತಿಲ್ಲವೇ? ಒಂದು ಆಮೆ ನೋಡಿ ಎಲ್ಲ ಖರೆ ಅನ್ನಲು ಬರುತ್ತದೆಯೇ ಎಂದು ಒಳಗೇ ತಕರಾರು ನಡೆದಿತ್ತು. ಆ ಊರಿನ ಆಮೆಯ ಗುಣ ಬೇರೆ, ನಮ್ಮೂರಿನ ಆಮೆಯ ಗುಣ ಬೇರೆ ಇರಬಹುದು. ಮಥುರೆಯಲ್ಲಿ ಎಲ್ಲರೂ ಯಮುನೆಯಲ್ಲಿ ಮೀಯುತ್ತಿದ್ದರೆ ಈಕೆ ದೋಣಿಯವರನ್ನು ಹಿಡಿದು ಆಮೆಯ ವಿಷಯ ಕೇಳುತ್ತಿದ್ದಳು. ವಾಪಸು ಬರುವಾಗ ನಾಗಪುರದ ಹತ್ತಿರ ಬಸ್ಸು ನಿಂತಲ್ಲಿ ಬಲೆ ಒಣಹಾಕಿದ್ದ ಮೀನುಗಾರನನ್ನೂ ಕೇಳಿದಳು. ಒಬ್ಬರೂ ಇಲ್ಲ ಎನ್ನಲಿಲ್ಲ. ಇವರೆಲ್ಲ ಎಲ್ಲಿ ಮಾತಾಡಿಕೊಂಡರು ಎಂದು ನಾನು ಚುಚ್ಚಿದೆ. ಆಕೆ ನಗಲಿಲ್ಲ.

ಜಹೀರಾಬಾದಿನಲ್ಲಿ ಬಸ್ಸು ಇಳಿದ ಮೇಲೆ ಭಾವ ತಾಂಡೂರಿನ ಬಸ್ಸು ಹತ್ತಿದ. ಅಕ್ಕ ನಾಲ್ಕು ದಿನ ನನ್ನ ಮನೆಯಲ್ಲಿದ್ದು ಬರುತ್ತೇನೆ ಎಂದು ಉಳಿದಳು. ಮರುದಿನ ಬೆಳಿಗ್ಗೆ ನಾರಾಯಣಖೇಡದಲ್ಲಿ ನನ್ನನ್ನು ಎಬ್ಬಿಸಿ, ಊರಿಗೆ ಹೋಗಬೇಕು ಬಾ ಎಂದಳು. ಚಾವಡಿಯಲ್ಲಿ ಆಡಿದ ಮಾತನ್ನು ಚಾವಡಿಯಲ್ಲೇ ವಾಪಸು ತೆಗೆದುಕೊಳ್ಳಬೇಕು, ಅದನ್ನು ಕಾಗದದ ಮೇಲೆ ಬರೆಸಬೇಕು, ಆ ಕಾಗದ ಹಿಡಿದುಕೊಂಡು ತಾಂಡೂರಿಗೆ ಹೋಗಬೇಕು, ಆಗಲೇ ಗಂಡನಿಗೆ ಹೇಳುವುದು ಎಂದು ದಾರಿಯಲ್ಲಿ ಹೇಳಿದಳು. ಬರಿಗೈಯಲ್ಲಿ ಹೋದರೆ ತನ್ನ ಮಾತಿಗೆ ಏನು ಬೆಲೆ ಎಂದಳು. ಆಕೆಯ ಬಗ್ಗೆ ನನಗೆ ಮೊದಲ ಸಲ ಗೌರವ ಬಂದದ್ದು ಸಿರ್ಗಾಪುರದ ಆ ಬಸ್ಸಿನಲ್ಲಿ.

ಚಾವಡಿ ಈಗ ಪಂಚಾಯಿತಿ ಆಫೀಸಾಗಿತ್ತು. ಮೇಜಿನ ಹಿಂದೆ ಕೂತಿದ್ದ ಹೊಸ ಸೆಕ್ರೆಟರಿಗೆ ನೀರಡಿ ಸಾಯಪ್ಪ ಎಂಬ ಹೆಸರೇ ತಿಳಿಯದು. ೧೯೬೮ರ ಕಾಗದಗಳನ್ನೆಲ್ಲ ಗೆದ್ದಲು ತಿಂದಿದೆ ಎಂದು ತೆಲುಗಿನಲ್ಲಿ ಹೇಳಿದ. ಅಕ್ಕ ನಂಬದೆ ಅಲಮಾರದ ಬಾಗಿಲು ತೆಗೆಸಿ ನೋಡಿದಳು. ಗೆದ್ದಲೇ ತಿಂದಿತ್ತು. ಐವರು ಹಿರಿಯರಲ್ಲಿ ನಾಲ್ವರು ತೀರಿಹೋಗಿದ್ದರು. ಶಿವಶಂಕರಪ್ಪನೂ ಇರಲಿಲ್ಲ. ಮೊಗಲಪ್ಪ ಒಬ್ಬ ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದ. ಕಣ್ಣು ಮಂಜಾಗಿದ್ದವು, ದನಿಯ ಮೇಲೆ ಗುರುತು ಹಿಡಿದ.

ಅಕ್ಕ ಅವನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ದೂರದ ಊರಿನ ತೂಬು, ಆಮೆ, ತಾನು ಅವತ್ತು ಆಡಿದ ಮಾತು ತಪ್ಪು, ಅದನ್ನು ವಾಪಸು ತೆಗೆದುಕೊಳ್ಳಲು ಬಂದಿದ್ದೇನೆ. ಮುದುಕ ಕೊನೆಯವರೆಗೆ ಕೇಳಿದ. ಆಶ್ಚರ್ಯಪಡುತ್ತಾನೆ ಎಂದು ನಾನು ಕಾದಿದ್ದೆ. ಅವನು ಆಶ್ಚರ್ಯಪಡಲಿಲ್ಲ.

“ಆಮಿ ಇರಬಹುದಂತ ನಾವೂ ಅಂದುಕೊಂಡಿದ್ವಿ,” ಎಂದ. “ಬಿಡಬೇಕಂತಲೇ ಕೂತಿದ್ವಿ. ಸಾಯಪ್ಪ ಅಂಥಾಂವ ಅಲ್ಲ ಅಂತ ಐದೂ ಮಂದಿಗಿ ಗೊತ್ತಿತ್ತು. ಸುಮ್ಮ ಊರ ಬಾಯಿ ಮುಚ್ಚಾಕ ನಿನ್ನ ಕೇಳಿದ್ದೆವ್ವ. ನಮ್ಮ ಮನ್ಯಾಂವ ಅಂಥಾಂವ ಅಲ್ರಿ ಅಂತ ನೀ ಒಂದು ಮಾತು ಅಂದಿದ್ರ ಅವತ್ತೇ ಎದ್ದು ಹೋಗ್ತಿದ್ವಿ. ಹೆಂಡ್ತೀನೇ ಗುಮಾನಿ ಅದ ಅಂದ ಮ್ಯಾಲ ನಾವೇನು ಮಾಡಾಕ ಬರ್ತಿತ್ತು?”

ಅಕ್ಕ ಅಲ್ಲಿಂದ ಹೇಗೆ ಬಂದಳೋ ಆಕೆಗೇ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀರು ಕೊಟ್ಟರೆ ಕುಡಿಯಲಿಲ್ಲ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನೂ ಕೇಳಲಿಲ್ಲ, ನಾನು ಹತ್ತು ಅಂದದ್ದನ್ನು ಹತ್ತಿದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಒಬ್ಬಳನ್ನೇ ಬಿಡುವ ಧೈರ್ಯವಿಲ್ಲದೆ ಜೊತೆಗೇ ತಾಂಡೂರಿಗೆ ಹೋದೆ.

ನಾವು ಮುಟ್ಟಿದಾಗ ಮೂರು ಗಂಟೆ. ಕಾರ್ಖಾನೆಯ ಅಂಗಳದಲ್ಲಿ ಭಾವ ಫರ್ಶಿ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದರ ಅಂಚು ಉಜ್ಜುತ್ತಿದ್ದ. ಪಕ್ಕದಲ್ಲಿ ನೀರಿನ ಬಕೆಟ್ಟು. ನಮ್ಮಿಬ್ಬರನ್ನೂ ನೋಡಿ, ಏನಾಯಿತು ಎಂದು ಎದ್ದ. ಅಕ್ಕ ಕೂರಲೂ ಇಲ್ಲ, ಕೈಕಾಲು ತೊಳೆಯಲೂ ಇಲ್ಲ. ಅಲ್ಲೇ ನಿಂತು, ಭರತಪುರದ ತೂಬಿನಿಂದ ಹಿಡಿದು ಮೊಗಲಪ್ಪನ ಹೊರಸಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೊಗಲಪ್ಪ ಅಂದದ್ದನ್ನು ಅವನ ಮಾತಿನಲ್ಲೇ ಹೇಳಿದಳು, ಒಂದು ಶಬ್ದವನ್ನೂ ಬಿಡಲಿಲ್ಲ. ಹೇಳುತ್ತ ಅಳುತ್ತಿದ್ದಳು. ಆಕೆ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಭಾವ ಕೈಯ ಕೆಸರು ಪಂಚೆಗೆ ಒರೆಸಿಕೊಂಡ. ಮೊಗಲಪ್ಪ ಹೇಗಿದ್ದಾನೆ, ಕಣ್ಣು ಕಾಣುತ್ತವೆಯೇ ಎಂದು ನನ್ನನ್ನು ಕೇಳಿದ. ಮಂಜಾಗಿವೆ ಎಂದೆ. ಆಮೇಲೆ ಹೆಂಡತಿಯ ಕಡೆ ತಿರುಗಿದ.

“ಅಂವ ಇದನ್ನ ನನಗ ಅವತ್ತ ಸಂಜಿಗೇ ಹೇಳ್ಯಾನ,” ಎಂದ.

ಅಕ್ಕನ ಅಳು ನಿಂತಿತು. ಹದಿನೈದು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಆಕೆಯ ಒಂದು ಮಾತಿನಿಂದ ಎಲ್ಲ ಹೋಯಿತು ಎಂದು ಗೊತ್ತಿದ್ದೂ, ಆತ ಒಂದು ದಿನವೂ ಅದನ್ನು ಎತ್ತಿ ಆಡಿರಲಿಲ್ಲ.

“ಮತ್ತ ನನಗ್ಯಾಕ ಹೇಳಲಿಲ್ರಿ?” ಎಂದಳು.

“ಹೇಳಿದ್ರ ನೀ ನಂಬ್ತಿದ್ದೇನು?” ಎಂದ ಭಾವ.

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುವುದೂ ಇರಲಿಲ್ಲ. ನಿಜವಾಗಿ ಕೇಳಿದಂತೆಯೇ ಇತ್ತು. ಹೌದು ಎನ್ನಲು ಅಕ್ಕನಿಗೆ ಆಗಲಿಲ್ಲ. ಭಾವ ಮತ್ತೆ ಕುಕ್ಕುರುಗಾಲಲ್ಲಿ ಕೂತು ಕಲ್ಲು ಉಜ್ಜತೊಡಗಿದ. ಅಕ್ಕ ಆತನ ಪಕ್ಕದಲ್ಲಿ ಕೂತಳು. ನಾನು ಸಂಜೆಯ ಬಸ್ಸಿಗೆ ಹೊರಡುವವರೆಗೂ ಅವರಿಬ್ಬರೂ ಹಾಗೆಯೇ ಕೂತಿದ್ದರು.